ಕೊನೆಯ ಮನೆಗೆ ಒಲೆ ಇಲ್ಲ

ಒಲೆಗೆ ಬೆನ್ನು ಹಾಕಿ ಕೂರುವ ಅಡಿಗೆಯವರನ್ನು ನಾನು ನೋಡಿದ್ದು ಒಬ್ಬರನ್ನೇ. ಯಾರ ಮನೆಗೆ ಹೋಗಲಿ, ಅಡಿಗೆಮನೆ ಯಾವ ಕಡೆ ಇದೆ ಎಂದು ಮೊದಲು ನೋಡಿಕೊಂಡು, ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಕೇಳಿದರೆ, ಮುಖ ಬೇಯಿಸಿಕೊಂಡದ್ದು ಸಾಕು ಎನ್ನುತ್ತಿದ್ದರು. ಹೋದ ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗ ತೀರಿಕೊಂಡರು.

ಹೆಸರು ಬರೆಯುವುದಿಲ್ಲ. ಅವರ ಅಕ್ಕನ ಮಗ ಕುಣಿಗಲ್ಲಿನಲ್ಲಿ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾನೆ, ನಾನು ಹೇಳುವುದೆಲ್ಲ ಅವನಿಗೆ ಹಿಡಿಸಲಿಕ್ಕಿಲ್ಲ. ನಾವು ಹೆಸರು ಹಿಡಿದು ಕರೆದದ್ದೂ ಇಲ್ಲ. ತುಮಕೂರಿನ ಒಂದು ಹಾಸ್ಟೆಲಿನಲ್ಲಿ ಅಡಿಗೆ ಮಾಡುತ್ತಿದ್ದರು, ಅದಕ್ಕೆ ಸಾಲಿನವರೆಲ್ಲ ಹಾಸ್ಟೆಲಣ್ಣ ಎನ್ನುತ್ತಿದ್ದೆವು. ಸಾಲು ಎಂದರೆ ಅವರೇ ಕಟ್ಟಿಸಿದ ಮನೆಗಳ ಸಾಲು. ಅಂತರಸನಹಳ್ಳಿಗೆ ಹೋಗುವ ದಾರಿಯಲ್ಲಿ, ಗೋಡೆಗೆ ಗೋಡೆ ಕೂಡಿಸಿಕೊಂಡು ಐದು ಬಾಗಿಲು. ಎಮರ್ಜೆನ್ಸಿ ಬಂದ ವರ್ಷ ನಾವು ಹೆಬ್ಬೂರು ಬಿಟ್ಟು ಬಂದು ಎರಡನೇ ಬಾಗಿಲಿಗೆ ಸೇರಿಕೊಂಡೆವು. ನಮ್ಮ ಯಜಮಾನರಿಗೆ ವರ್ಕ್‌ಶಾಪಿನಲ್ಲಿ ಲೇತ್ ಮಿಷನ್ನಿನ ಕೆಲಸ ಸಿಕ್ಕಿತ್ತು. ಆಗ ಮೂರೇ ಬಾಗಿಲು ಇದ್ದವು, ಉಳಿದ ಎರಡು ನನ್ನ ಕಣ್ಣೆದುರಿಗೆ ಎದ್ದವು.

ಆಳು ಕುಳ್ಳು, ಎದೆ ಅಗಲ. ಬಲಗೈಯಲ್ಲಿ ಮೊಳಕೈವರೆಗೆ ಒಂದೂ ಕೂದಲಿರಲಿಲ್ಲ. ಹುಬ್ಬು ಅರ್ಧಂಬರ್ಧ. ಕುದಿಯುವ ತಪ್ಪಲೆಯನ್ನು ಬಟ್ಟೆ ಹಿಡಿಯದೆ ಇಳಿಸಿ, ಬೆರಳನ್ನು ಕಿವಿಗೆ ಒಂದು ಸಲ ಮುಟ್ಟಿಸಿಕೊಂಡರೆ ಮುಗಿಯಿತು. ಒಗೆದ ಅಂಗಿಯಲ್ಲೂ ಹುಣಸೆಹುಳಿಯ ವಾಸನೆ. ಮಾತಾಡುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಅದು ಗಾಂಭೀರ್ಯ ಎಂದು ಮೊದಮೊದಲು ತಿಳಿದಿದ್ದೆ. ಗಾಂಭೀರ್ಯವಲ್ಲ, ದಮ್ಮು. ಇಪ್ಪತ್ತೈದು ಮೂವತ್ತು ವರ್ಷ ಸೌದೆ, ಹೊಟ್ಟು, ತೆಂಗಿನ ಮಟ್ಟೆ ಉರಿಸಿದ ಹೊಗೆ ಎದೆಯಲ್ಲಿ ಕೂತಿತ್ತು.

ಸಿಕ್ಕಿದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು. ‘ಐವತ್ತಕ್ಕೆ ಬೆಂಕಿ ಬಿಡ್ತೀನಿ.’ ಹಾಲಿನವನಿಗೂ ಹೇಳುವರು, ಗಾರೆಯವನಿಗೂ ಹೇಳುವರು. ಕೆಲಸ ಬಿಡುತ್ತೇನೆ ಎನ್ನುತ್ತಿರಲಿಲ್ಲ. ಬೆಂಕಿ ಬಿಡುತ್ತೇನೆ ಎನ್ನುತ್ತಿದ್ದರು. ಕೈಕಾಲು ಆಡುತ್ತಿರುವಾಗ ಕೂಲಿ ಬಿಡುವವರನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಸರ್ಕಾರಿ ನೌಕರರಾದರೆ ಪೆನ್ಷನ್ನು ಉಂಟು. ಹಾಸ್ಟೆಲಿನ ಅಡಿಗೆಯವರಿಗೆ ಬಿಡುವ ದಿನ ಕೈಗೆ ಹಾಕುವ ಸ್ವಲ್ಪ ಫಂಡು ಬಿಟ್ಟರೆ ಏನೂ ಇಲ್ಲ. ಆದರೆ ಅವರಿಗಿಂತ ಮುಂಚೆ ಅಲ್ಲಿದ್ದ ಅಡಿಗೆಯವರನ್ನು ಅವರು ನೋಡಿದ್ದರು. ಎಪ್ಪತ್ತಾದರೂ ಸೌಟು ಬಿಡಲಾಗದೆ, ಹೊಗೆಗೆ ಕಣ್ಣು ಹೋಗಿ, ಉಪ್ಪಿನ ಡಬ್ಬಿ ಯಾವುದು ಎಂದು ಊಟಕ್ಕೆ ಬಂದ ಹುಡುಗರನ್ನು ಕೇಳುತ್ತಿದ್ದರಂತೆ. ಹುಡುಗರು ಬೇಕೆಂದೇ ಸಕ್ಕರೆ ಡಬ್ಬಿ ತೋರಿಸುತ್ತಿದ್ದರಂತೆ. ಹಾಗಾಗಬಾರದು ಎಂದು ಇವರು ಸೈಟು ತೆಗೆದುಕೊಂಡರು. ‘ಮನೆ ದುಡೀಲಿ, ನಾನು ಕೂತ್ಕೋತೀನಿ’ ಎನ್ನುವುದು ಅವರ ಲೆಕ್ಕ.

ಆ ಲೆಕ್ಕಕ್ಕಾಗಿ ಮಾಡಿದ ಜಿಪುಣತನ ಅಷ್ಟಿಷ್ಟಲ್ಲ. ಸತ್ತವರೆಂದು ಒಳ್ಳೆಯದನ್ನೇ ಹೇಳಲು ನನಗೆ ಬರುವುದಿಲ್ಲ. ಕಾಲಿಗೆ ಚಪ್ಪಲಿ ಹಾಕಿದವರಲ್ಲ. ಬೀಡಿ ಸೇದುವವರಲ್ಲ, ಎಲೆಯಡಿಕೆ ಯಾರಾದರೂ ಕೊಟ್ಟರೆ ಮಾತ್ರ. ಹಿತ್ತಲಲ್ಲಿ ಎರಡು ತೆಂಗಿನ ಮರ ಇದ್ದವು. ಬಿದ್ದ ಕಾಯಿಯನ್ನು ನನ್ನ ಮಗಳು ಎತ್ತಿಕೊಂಡು ಬಂದರೆ, ಸಾಯಂಕಾಲ ಬಂದು, ‘ಒಂದು ಕಾಯಿ ಬಿದ್ದಂಗೆ ಶಬ್ದ ಆಗಿತ್ತಂತಲ್ಲ’ ಎಂದು ಹಿತ್ತಲೆಲ್ಲ ಓಡಾಡುವರು. ಗೋಡೆಗೆ ಸುಣ್ಣ ಹೊಡೆಸಿ ಎಂದು ಎರಡು ವರ್ಷ ಕೇಳಿ ಕೇಳಿ ಸಾಕಾಗಿ ನಾವೇ ಹೊಡೆಸಿಕೊಂಡೆವು. ಹೊಡೆಸಿದ ಮೇಲೆ ಬಂದು ನೋಡಿ, ಚೆನ್ನಾಗಿದೆ ಎಂದು ಹೇಳಿ ಹೋದರು.

ಆದರೆ ಅಡಿಗೆಮನೆ ವಿಷಯಕ್ಕೆ ಬಂದರೆ ಆ ಮನುಷ್ಯ ಬೇರೆ. ನಾಲ್ಕನೇ ಬಾಗಿಲು ಕಟ್ಟುವಾಗ ನಾನೇ ನೋಡಿದ್ದೇನೆ. ಇನ್ನೂ ಹೆಂಚು ಹೊದಿಸುವ ಕೆಲಸ ನಡೆಯುತ್ತಿರುವಾಗಲೇ ಒಲೆ ಹಾಕಿಸಿ, ಅದರಲ್ಲಿ ಹಸಿ ಸೋಗೆ ತುರುಕಿ ಬೆಂಕಿ ಹಚ್ಚಿದರು. ಹಸಿ ಸೋಗೆಯ ಹೊಗೆ ಹೇಗಿರುತ್ತದೆ ಗೊತ್ತಲ್ಲ, ಹಸುರು, ದಪ್ಪ. ಅದು ಹೊಗೆಗಿಂಡಿಯಿಂದ ನೆಟ್ಟಗೆ ಹೊರಗೆ ಹೋಗಬೇಕು. ಹೋಗಲಿಲ್ಲ. ಅರ್ಧ ತಿರುಗಿ ಒಳಗೇ ಬಂತು. ಗೋಡೆ ಒಡೆದು ಕಿಂಡಿಯನ್ನು ಎರಡು ಗೇಣು ಈ ಕಡೆಗೆ ಕೂರಿಸು ಎಂದರು. ಗಾರೆಯವನಿಗೆ ಕೋಪ ಬಂತು.

‘ಯಾರೋ ಬಾಡಿಗೆಗೆ ಬರೋರ್ಗೆ ಇಷ್ಟು ಯಾರು ಮಾಡ್ತಾರೆ ಸ್ವಾಮಿ? ಹೊಗೆ ತಾನೇ, ಎಲ್ಲಾದ್ರೂ ಹೋಗ್ತದೆ ಬುಡಿ’ ಎಂದ.

‘ಎಲ್ಲಾದ್ರೂ ಅಂದ್ರೆ ಎಲ್ಲಿಗೆ ಹೋಗ್ತದೆ? ಇಲ್ಲಿಗೆ ಹೋಗ್ತದೆ’ ಎಂದು ತಮ್ಮ ಎದೆಗೆ ಕೈ ಬಡಿದು ತೋರಿಸಿದರು. ‘ಒಡಿಯಲಾ.’

ಸುಣ್ಣಕ್ಕೆ ಕಾಸು ಬಿಚ್ಚದವರು ಹೊಗೆಗಾಗಿ ಕಟ್ಟಿದ ಗೋಡೆ ಒಡೆಸಿದರು. ಆ ಸಾಲಿನಲ್ಲಿ ಅಡಿಗೆ ಮಾಡುವ ಯಾವ ಹೆಂಗಸಿನ ಕಣ್ಣಲ್ಲೂ ನೀರು ಬರುತ್ತಿರಲಿಲ್ಲ. ಮೂರನೇ ಬಾಗಿಲಿನ ಗುಬ್ಬಿಯವಳು, ಅವಳ ಗಂಡ ಬಸ್ ಕಂಡಕ್ಟರು, ತನ್ನ ತವರಿನಲ್ಲಿ ಈರುಳ್ಳಿ ಇಲ್ಲದೆಯೂ ಅಳಬೇಕು, ಇಲ್ಲಿ ಈರುಳ್ಳಿ ಹೆಚ್ಚಿದರೂ ಅಳು ಬರಲ್ಲ ಎಂದು ನಗುತ್ತಿದ್ದಳು.

ಇಷ್ಟೆಲ್ಲ ಮಾಡಿದವರು ಒಂದು ಕಡೆ ಎಡವಿದರು. ಅದು ಭೋಗ್ಯದಲ್ಲಿ.

ಮೊದಲನೇ ಮನೆ ಕಟ್ಟಿದಾಗ ಬಾಡಿಗೆಗೇ ಕೊಟ್ಟಿದ್ದರಂತೆ. ತಿಂಗಳು ಹುಟ್ಟಿದರೆ ಹಾಸ್ಟೆಲಿನಿಂದ ನಡೆದು ಬಂದು, ಮನೆ ಮುಂದೆ ಒಂದು ಸಲ ಹಾದು, ಹಿಂದೆ ತೆಂಗಿನ ಮರ ನೋಡಿ, ಮತ್ತೊಂದು ಸಲ ಮುಂದೆ ಹಾದು, ವಾಪಸ್ ಹೋಗುತ್ತಿದ್ದರಂತೆ. ಬಾಗಿಲು ತಟ್ಟುತ್ತಿರಲಿಲ್ಲ. ಇದ್ದವನು ಇದನ್ನು ಚೆನ್ನಾಗಿ ತಿಳಿದುಕೊಂಡ. ಮುಕ್ಕಾಲು ವರ್ಷ ಪುಕ್ಕಟೆ ಇದ್ದು, ಒಂದು ದಿನ ಗಾಡಿ ತಂದು ಸಾಮಾನು ಹೇರಿಕೊಂಡು ಹೋದ. ಅವತ್ತೇ ಇವರು ಇನ್ನು ಬಾಡಿಗೆ ಸಹವಾಸ ಬೇಡ ಎಂದರು. ಆಮೇಲಿನದೆಲ್ಲ ಭೋಗ್ಯ. ನಮ್ಮ ಕಡೆ ಅದು ಇದ್ದದ್ದೇ. ಮನೆಗೆ ಬರುವವರು ಒಂದೇ ಗಂಟು ದುಡ್ಡು ಕೊಡಬೇಕು. ಮೂರು ವರ್ಷ ಬಾಡಿಗೆ ಇಲ್ಲದೆ ಇರಬೇಕು. ಬಿಡುವಾಗ ಕೊಟ್ಟ ಗಂಟು ಪೂರ್ತಿ ವಾಪಸ್. ಯಾರೂ ಯಾರ ಬಾಗಿಲಲ್ಲೂ ನಿಲ್ಲುವ ಹಾಗಿಲ್ಲ.

ಒಂದನೇ ಮನೆಯ ಗಂಟಿನಲ್ಲಿ ಎರಡನೇದು ಎದ್ದಿತು. ಎರಡನೇದರ ಗಂಟಿನಲ್ಲಿ ಮೂರನೇದು. ಮೂರು ವರ್ಷ ಮುಗಿದವರಿಗೆ ಹೊಸದಾಗಿ ಬರುವವರ ಗಂಟು ಕೊಡುವುದು. ಹೊಸಬರು ಹಳಬರಿಗಿಂತ ಸ್ವಲ್ಪ ಹೆಚ್ಚು ಕೊಡುತ್ತಿದ್ದರು. ಮನೆ ಬೆಳೆಯುತ್ತಿತ್ತು, ನೋಡುವವರ ಕಣ್ಣಿಗೆ ಸಾಹುಕಾರರು. ನಾವೂ ಹಾಗೇ ಬಂದವರು. ನನ್ನ ತವರಿನ ಪಾಲಿಗೆ ಬಂದ ತೆಂಗಿನ ತೋಟದ ತುಂಡು ಮಾರಿ, ಆ ಗಂಟು ಇವರ ಕೈಗಿಟ್ಟಿದ್ದೆವು. ಮೂರು ವರ್ಷ ತುಂಬಿದಾಗಲೆಲ್ಲ ಅದನ್ನೇ ಮುಂದುವರಿಸುತ್ತ ಉಳಿದೆವು.

ಐದನೇದನ್ನು ಯಾರಿಗೂ ಕೊಡುವುದಿಲ್ಲ ಎಂದೇ ಕಟ್ಟಿಸಿದರು. ಅದು ಅವರಿಗೆ ಮತ್ತು ಹೆಂಡತಿಗೆ. ಮಕ್ಕಳಿರಲಿಲ್ಲ. ಆಯಮ್ಮ ಕೊತ್ತಗೆರೆಯಲ್ಲಿ, ಗಂಡನ ಅಣ್ಣನ ಸಂಸಾರದಲ್ಲಿ ಇದ್ದರು, ಎರಡು ಹಸು ನೋಡಿಕೊಂಡು. ಇವರು ಹಾಸ್ಟೆಲಿನ ಸಾಮಾನಿನ ರೂಮಿನಲ್ಲಿ, ಅಕ್ಕಿ ಮೂಟೆಗಳ ನಡುವೆ ಮಲಗುತ್ತಿದ್ದರು. ಮದುವೆಯಾದಾಗಿನಿಂದ ಹಾಗೇ. ಪ್ರತಿ ಸಲ ಒಂದು ಬಾಗಿಲು ಏಳುವಾಗಲೂ ಇದು ನಮಗಾ ಎಂದು ಆಯಮ್ಮ ಕೇಳುತ್ತಿದ್ದರಂತೆ, ಮುಂದಿಂದು ಎಂದು ಇವರು ಹೇಳುತ್ತಿದ್ದರಂತೆ.

ಐದನೇದಕ್ಕೆ ಹಾಲುಕ್ಕಿಸಲು ಆಯಮ್ಮ ಬಸ್ಸಿನಲ್ಲಿ ಬಂದರು. ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದಿದ್ದರು, ಅದರಲ್ಲಿ ಅರ್ಧ ನನಗೆ ಕೊಟ್ಟರು. ಸಣಕಲು ಹೆಂಗಸು, ಬಾಯಿ ತುಂಬ ನಗು. ಒಲೆ ಹಚ್ಚಿದರೆ ಒಂದೇ ಊದಿಗೆ ಬೆಂಕಿ ಹತ್ತಿತು. ಹೊಗೆ ಹಗ್ಗ ಹಿಡಿದವರ ಹಾಗೆ ನೆಟ್ಟಗೆ ಮೇಲೆ ಹೋಯಿತು. ‘ಊದುಕೊಳವೆ ಬ್ಯಾಡ ಕಣಕ್ಕ ಇದಕ್ಕೆ’ ಎಂದು ನನ್ನ ಕಡೆ ತಿರುಗಿದರು. ಒಲೆಯ ಅಂಚಿನ ಮೇಲೆ ಕೈಯಾಡಿಸಿಕೊಂಡು ಸುಮಾರು ಹೊತ್ತು ಕೂತಿದ್ದರು. ಹೋಗುವಾಗ ಯಾವಾಗ ಬರಲಿ ಎಂದು ಗಂಡನನ್ನು ಕೇಳಿದರು. ಶ್ರಾವಣ ಕಳೆಯಲಿ ಎಂದರು ಇವರು.

ಶ್ರಾವಣ ಕಳೆಯುವ ಮುಂಚೆ ನಾಲ್ಕನೇ ಬಾಗಿಲಿನವರು ಮಗಳ ಮದುವೆ ಗೊತ್ತಾಯಿತು, ನಮ್ಮ ಗಂಟು ಕೊಡಿ ಎಂದು ಕೂತರು. ಹೊಸಬರು ಯಾರೂ ತಕ್ಷಣ ಸಿಗಲಿಲ್ಲ. ಸಿಕ್ಕ ಒಬ್ಬರು ನಾಲ್ಕನೇದು ಬೇಡ, ಹೊಸ ಮನೆಯೇ ಬೇಕು ಎಂದರು. ಐದನೇದನ್ನು ಮೂರು ವರ್ಷದ ಭೋಗ್ಯಕ್ಕೆ ಕೊಟ್ಟು ಆ ಮದುವೆಯ ದುಡ್ಡು ತೀರಿಸಿದರು. ಉಳಿದ ಸಾಲಕ್ಕೆ ನಾಲ್ಕನೇದೂ ತಿಂಗಳೊಳಗೆ ಭೋಗ್ಯಕ್ಕೇ ಹೋಯಿತು. ಮೂರೇ ವರ್ಷ ಎಂದು ಕೊತ್ತಗೆರೆಗೆ ಹೋಗಿ ಹೇಳಿ ಬಂದರು.

ಆಯಮ್ಮ ಎರಡನೇ ವರ್ಷಕ್ಕೇ ಹೋದರು. ಜ್ವರ ಎಂದು ಮಲಗಿದವರು ಏಳಲಿಲ್ಲ. ಸುದ್ದಿ ಬೆಳಿಗ್ಗೆ ಹಾಸ್ಟೆಲಿಗೆ ಬಂತಂತೆ. ಇವರು ಹುಡುಗರಿಗೆ ಮಧ್ಯಾಹ್ನದ ಊಟ ಇಳಿಸಿಟ್ಟು, ಒಲೆ ಆರಿಸಿ, ಆಮೇಲೆ ಕುಣಿಗಲ್ ಬಸ್ಸು ಹಿಡಿದರು. ಇದಕ್ಕೆ ನಾನು ಏನೂ ಹೇಳುವುದಿಲ್ಲ.

ಅವರಿಗೆ ಐವತ್ತಾದದ್ದು ಆ ವರ್ಷವೇ. ಬೆಂಕಿ ಬಿಡುವ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಐದನೇ ಮನೆಯ ಮೂರು ವರ್ಷ ಮುಗಿದಾಗ ಒಂದು ಚೀಟಿ ಎತ್ತಿ ಅಲ್ಲಿದ್ದವರ ಗಂಟು ಕೊಟ್ಟು ಕಳಿಸಿದರು. ಮಾರನೇ ದಿನ ಅದೇ ಗಾರೆಯವನನ್ನು ಕರೆಸಿದರು. ಒಲೆ ಒಡೆಯಬೇಕು ಎಂದರು. ಅವನಿಗೆ ಅರ್ಥವಾಗಲಿಲ್ಲ. ಹೊಗೆ ವಾಪಸ್ ಬರುತ್ತಿದೆಯೇ, ಕಿಂಡಿ ಸರಿಮಾಡಲೇ ಎಂದು ಕೇಳಿದ.

‘ಹೊಗೆ ಚೆನ್ನಾಗಿ ಹೋಗ್ತೈತೆ’ ಎಂದರು. ‘ಒಡಿ.’

ಒಡೆದ ಜಾಗಕ್ಕೆ ಗಾರೆ ಬಳಿಸಿ, ಅಲ್ಲೇ ಚಾಪೆ ಹಾಸಿಕೊಂಡರು. ಹಾಸ್ಟೆಲಿನ ಸಾಮಾನಿನ ರೂಮು ಬಿಟ್ಟು ಅವತ್ತಿನಿಂದ ರಾತ್ರಿ ಮಲಗಲು ಇಲ್ಲಿಗೆ ಬರತೊಡಗಿದರು. ಒಂದು ನೀರಿನ ಕೊಡ, ಒಂದು ಟ್ರಂಕು. ಕೊನೆಯ ಮನೆಗೆ ಒಲೆ ಇಲ್ಲದೇ ಹೋಯಿತು.

ಒಂದು ಭಾನುವಾರ ಸಾಯಂಕಾಲ ಜಗಲಿಯ ಮೇಲೆ ಕೂತಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ. ನನಗೆ ಮನಸ್ಸಿನಲ್ಲಿ ಇಟ್ಟುಕೊಂಡು ಅಭ್ಯಾಸವಿಲ್ಲ, ಕೇಳಿಯೇ ಬಿಟ್ಟೆ.

‘ಐದು ಬಾಗಿಲು ಕಟ್ಟಿದ್ದೀರಲ್ಲ ಅಣ್ಣಯ್ಯ, ತಿಂಗಳಿಗೆ ಒಂದು ಪಾವು ಹಾಲಿಗಾದ್ರೂ ಕಾಸು ಬತ್ತದಾ ಇದ್ರಿಂದ? ನಾಳೆ ಬೆಂಕಿ ಬಿಟ್ರೆ ಗೋಡೆ ನೆಕ್ಕಂಡು ಇರ್ತೀರಾ?’

ಅವರೇನು ದಡ್ಡರಲ್ಲ, ಗೊತ್ತಿತ್ತು. ಗೊತ್ತಿದ್ದೇ ಆ ಕಡೆ ಮುಖ ತಿರುಗಿಸಿಕೊಂಡಿದ್ದರು. ‘ಬಾಗಿಲಲ್ಲಿ ನಿಂತು ಕೇಳೋದು ನನ್ ಕೈಲಿ ಆಗಲ್ಲ ಕಣವ್ವ’ ಎಂದರು. ಯಾಕೆ ಎಂದೆ. ಆಗ ಹೇಳಿದರು.

ಚಿಕ್ಕವರಿದ್ದಾಗ ಓದಲೆಂದು ಕೊತ್ತಗೆರೆಯಿಂದ ಕುಣಿಗಲ್ಲಿಗೆ ಹೋಗಿ ಇದ್ದರಂತೆ. ಆಗ ಅಲ್ಲಿ ಹಾಸ್ಟೆಲು ಇರಲಿಲ್ಲ. ಬಡವರ ಮಕ್ಕಳು ವಾರದ ಊಟ ಮಾಡಿಕೊಂಡು ಓದಬೇಕು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ. ಉಳಿದ ಮನೆಯವರು ಕರೆದು ಇಕ್ಕುತ್ತಿದ್ದರು. ಗುರುವಾರದ ಮನೆಯಲ್ಲಿ ಮಾತ್ರ ಬಾಗಿಲಲ್ಲಿ ನಿಂತಿರಬೇಕು. ಮನೆಯಾಕೆ ನೋಡಿಯೂ ನೋಡದ ಹಾಗೆ ಕೆಲಸ ಮಾಡಿಕೊಳ್ಳುತ್ತಿದ್ದಳು, ಅವಳಿಗೆ ಮನಸ್ಸು ಬಂದಾಗ ಓ ನೀನಾ ಎನ್ನುತ್ತಿದ್ದಳು. ಒಂದು ಗುರುವಾರ ಅವಳಿಗೆ ಮನಸ್ಸು ಬರಲಿಲ್ಲ. ಒಳಗೆ ಅವರು ಉಂಡ ತಟ್ಟೆ ತೊಳೆಯುವ ಸದ್ದು ಕೇಳಿಸಿತು. ಇವರು ಅಲ್ಲಿಂದ ಸ್ಕೂಲಿಗೂ ಹೋಗಲಿಲ್ಲ, ಊರಿಗೂ ಹೋಗಲಿಲ್ಲ. ಒಂದು ಹೋಟೆಲಿಗೆ ಹೋಗಿ ಲೋಟ ತೊಳೆಯಲು ನಿಂತರು. ಬೆಂಕಿ ಹಿಡಿದದ್ದು ಹಾಗೆ.

ನನಗೆ ಪಾಪ ಎನಿಸಿತೋ ಏನೋ, ಅದನ್ನು ತೋರಿಸಿಕೊಳ್ಳಲಿಲ್ಲ. ‘ನಿಮಗಾಗಲ್ಲ, ನನಗಾಗ್ತದೆ’ ಎಂದೆ. ನಮ್ಮಪ್ಪ ಹೆಬ್ಬೂರಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದ. ತಿಂಗಳಾದರೆ ಹಾಲಿನ ಕಾಸಿಗೆ ಬಾಗಿಲಲ್ಲಿ ನಿಂತು ಕೂಗುವುದು ನನ್ನ ಕೆಲಸವಾಗಿತ್ತು. ಕೊಡುವತನಕ ನಾನು ಕದಲುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟರೂ ಈ ವಿದ್ಯೆ ಪೂರ್ತಿ ಕಲಿತಿದ್ದೆ. ಮೊದಲು ನಮ್ಮ ಗಂಟು ವಾಪಸ್ ಕೊಡಿ, ನಾವು ಬಾಡಿಗೆ ಕಟ್ಟುತ್ತೇವೆ, ಉಳಿದವರನ್ನೂ ಒಬ್ಬೊಬ್ಬರಾಗಿ ಬಾಡಿಗೆಗೆ ತನ್ನಿ, ವಸೂಲಿ ನನಗೆ ಬಿಡಿ ಎಂದೆ.

ನಮ್ಮ ಯಜಮಾನರು ರೇಗಿದರು. ‘ಪುಕ್ಕಟೆ ಮನೇಲಿ ಇದ್ಕೊಂಡು ಬಾಡಿಗೆ ಕಟ್ತೀನಿ ಅಂತೀಯಲ್ಲೇ, ತಲೆ ನೆಟ್ಟಗೈತಾ ನಿಂಗೆ?’

ನಾನೇನು ಧರ್ಮಕ್ಕೆ ಹೇಳಿದ್ದಲ್ಲ. ಆ ಗಂಟು ಕೈಗೆ ಬಂದರೆ ವರ್ಕ್‌ಶಾಪಿನಲ್ಲಿ ಮಾರುತ್ತೇವೆ ಎನ್ನುತ್ತಿದ್ದ ಹಳೇ ಲೇತ್ ತೆಗೆದುಕೊಂಡು, ಒಂದು ಶೆಡ್ಡು ಹಾಕಿಕೊಳ್ಳಬಹುದು ಎಂದೆ. ಹಾಗೇ ಮಾಡಿದೆವು.

ಹೇಳಿದಷ್ಟು ಸುಲಭವಾಗಲಿಲ್ಲ. ಒಂದು ಮನೆ ಬಿಡಿಸಬೇಕಾದರೆ ಒಂದು ಚೀಟಿ ಎತ್ತಬೇಕು. ಎತ್ತಿದ ಚೀಟಿಗೆ ಕೊನೆಯತನಕ ತಿಂಗಳು ತಿಂಗಳು ಕಟ್ಟಬೇಕು. ಕಟ್ಟಬೇಕಾದರೆ ಸಂಬಳ ಬೇಕು. ಸಂಬಳ ಬೇಕಾದರೆ ಬೆಂಕಿ ಮುಂದೆ ನಿಲ್ಲಬೇಕು. ಬಿಟ್ಟರೆ ಫಂಡು ಬರುತ್ತದೆ, ಆದರೆ ಅದೊಂದೇ ಸಾಲದು, ಬಿಡುವ ಹಾಗಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಎದೆಗೆ ಯಂತ್ರ ಇಟ್ಟು ನೋಡಿ, ಹೊಗೆ ಬಿಡಿ, ಬೇರೆ ಔಷಧಿ ಇಲ್ಲ ಎಂದು ಬೈದು ಕಳಿಸಿದರು. ನಮ್ಮದು, ಒಂದನೇದು, ಗುಬ್ಬಿಯವಳದು ಎಂದು ಒಂದೊಂದಾಗಿ ಬಾಡಿಗೆಗೆ ಬಂದವು. ಒಂದೊಂದು ಬಾಗಿಲು ಬಿಡಿಸುವಷ್ಟರಲ್ಲಿ ಅವರ ಉಸಿರು ಒಂದೊಂದು ಮೆಟ್ಟಿಲು ಇಳಿಯಿತು. ಬಸ್ ಇಳಿದು ಮನೆ ಸೇರುವಷ್ಟರಲ್ಲಿ ಮೊದಲು ಎಲ್ಲೂ ನಿಲ್ಲದವರು, ಆಮೇಲೆ ಹುಣಸೆಮರದ ಕೆಳಗೆ ಒಂದು ಸಲ ಕೂರುತ್ತಿದ್ದರು. ಆಮೇಲೆ ಸೈಕಲ್ ಶಾಪಿನ ಕಲ್ಲಿನ ಮೇಲೂ ಕೂರುತ್ತಿದ್ದರು.

ವಸೂಲಿ ನಾನು ಮಾಡಿದೆ. ಕಂಡಕ್ಟರು ಹಬ್ಬದ ಖರ್ಚು ಎಂದ ತಿಂಗಳು, ಅವನು ಡ್ಯೂಟಿಗೆ ಹೊರಡುವ ಹೊತ್ತಿಗೆ ಬಾಗಿಲಿಗೆ ಅಡ್ಡ ಕೂತು ಹುರುಳಿಕಾಳು ಕೇರಿದೆ. ಕೊಟ್ಟ. ಹಾಸ್ಟೆಲಣ್ಣನಿಗೆ ಕೊಡಲು ಹೋದರೆ ದುಡ್ಡನ್ನು ನೋಡದೆ ಟ್ರಂಕಿಗೆ ಹಾಕಿ, ‘ಬೈದ್ಯೇನವ್ವ ಅವರ್ನ?’ ಎಂದು ಕೇಳುತ್ತಿದ್ದರು.

ಇನ್ನೊಂದು ಮಾತು ನನ್ನ ಬಾಯಲ್ಲೇ ಹೇಳಿಸಿದರು. ಬಾಡಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡುತ್ತೇನೆ, ನಾನು ಬೆಂಕಿ ಬಿಟ್ಟ ಮೇಲೆ ನಾಲ್ಕು ಮನೆಯವರೂ ಸರದಿಯ ಮೇಲೆ ದಿನಕ್ಕೊಬ್ಬರು ನನಗೆ ಊಟ ಕೊಡಬೇಕು ಎಂದು. ಅವರೇ ಅದಕ್ಕೆ ವಾರ ಎಂದು ಹೆಸರಿಟ್ಟರು. ಹೇಳುವಾಗ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ, ಆದರೆ ಎಲ್ಲರಿಗೂ ಹೇಳಿ ಒಪ್ಪಿಸಿದೆ.

ಐವತ್ತಕ್ಕೆ ಬಿಡುತ್ತೇನೆ ಎಂದವರು ಐವತ್ತಾರು ಕಳೆದ ಮೇಲೆ, ಹೋದ ವರ್ಷದ ಯುಗಾದಿಗೆ ಬಿಟ್ಟರು. ಫಂಡು ಬಂತು, ಅದರಲ್ಲಿ ನಾಲ್ಕನೇ ಬಾಗಿಲೂ ಭೋಗ್ಯದಿಂದ ಬಿಡುಗಡೆಯಾಯಿತು. ಹಾಸ್ಟೆಲಿನ ಹುಡುಗರು ಚಂದಾ ಎತ್ತಿ, ಹಾರ ಹಾಕಿ, ಒಂದು ಉಡುಗೊರೆ ಕೊಟ್ಟರು. ಬಿಚ್ಚಿ ನೋಡಿದರೆ ಪಂಪ್ ಸ್ಟವ್ವು. ಅದನ್ನು ಮೈಯಿಂದ ದೂರ ಕೈಚಾಚಿ ಹಿಡಿದುಕೊಂಡು ಬಂದು ನಮ್ಮ ಜಗಲಿಯ ಮೇಲೆ ಇಟ್ಟು, ಇದನ್ನು ನೀನಿಟ್ಟುಕೋ ಎಂದರು. ಈಗಲೂ ಕಾಫಿಗೆ ಅದನ್ನೇ ಹಚ್ಚುತ್ತೇನೆ.

ಬಿಟ್ಟ ಮೇಲೆ ತಮಗಾಗಿ ಕೊಂಡದ್ದು ಒಂದೇ ಒಂದು, ದಪ್ಪ ಅಂಚಿನ ಸ್ಟೀಲ್ ತಟ್ಟೆ. ಬೆಳಿಗ್ಗೆ ಜಗಲಿಯ ಮೇಲೆ, ನಾಲ್ಕು ಅಡಿಗೆಮನೆಗಳಿಗೂ ಬೆನ್ನು ಮಾಡಿಕೊಂಡು ರಸ್ತೆ ನೋಡುತ್ತ ಕೂರುವರು. ಅಡಿಗೆಯವರಲ್ಲವೇ, ತಪ್ಪು ಹಿಡಿಯುತ್ತಾರೆ ಎಂದು ನಾವು ಮೊದಲು ಹೆದರಿದ್ದೆವು. ಏನು ಇಕ್ಕಿದರೂ ಚೆನ್ನಾಗಿದೆ ಎನ್ನುತ್ತಿದ್ದರು. ಮುದ್ದೆ ಗಂಟಾದ ದಿನವೂ ಚೆನ್ನಾಗಿದೆ. ನಾನು ಉಪ್ಪು ಹಾಕುವುದನ್ನು ಮರೆತ ದಿನವೂ. ‘ಇನ್ನೊಬ್ರು ಮಾಡಿದ್ದು ಕಣವ್ವ’ ಎನ್ನುತ್ತಿದ್ದರು, ಅದೇ ಒಂದು ರುಚಿ ಎನ್ನುವ ಹಾಗೆ.

ಆಷಾಢದಲ್ಲಿ ಒಂದು ದಿನ ಗುಬ್ಬಿಯವಳ ಸರದಿ. ಅವಳು ಅಕ್ಕನ ಮಗುವಿನ ನಾಮಕರಣ ಎಂದು ಬೆಳಿಗ್ಗೆಯೇ ಗುಬ್ಬಿಗೆ ಹೋಗಿದ್ದಳು, ಯಾರಿಗೂ ಹೇಳಲು ನೆನಪಾಗಿಲ್ಲ. ಮಧ್ಯಾಹ್ನ ಕಳೆದ ಮೇಲೆ ನಾನು ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರೆ ಇವರು ನಲ್ಲಿಯ ಹತ್ತಿರ ಕೂತು ತಟ್ಟೆ ತೊಳೆಯುತ್ತಿದ್ದರು. ಊಟ ಆಯಿತಾ ಎಂದೆ. ಆಯಿತು ಎಂದರು. ಸಾಯಂಕಾಲ ಗುಬ್ಬಿಯವಳು ಬಂದು ಹಣೆ ಚಚ್ಚಿಕೊಂಡಾಗಲೇ ಗೊತ್ತಾಗಿದ್ದು, ಎಂಜಲಾಗದ ತಟ್ಟೆಯನ್ನು ನಮ್ಮ ಕಣ್ಣಿಗಾಗಿ ತೊಳೆದಿದ್ದರು.

ನನಗೆ ಸಿಟ್ಟು ಬಂತು. ನೇರ ಹೋಗಿ, ಇದು ನಿಮ್ಮ ಬಾಡಿಗೆ, ಭಿಕ್ಷೆಯಲ್ಲ, ಎರಡು ಹೆಜ್ಜೆ ಬಂದು ನನ್ನನ್ನು ಕೇಳುವುದಕ್ಕೆ ಏನಾಗಿತ್ತು ಎಂದು ಕೂಗಾಡಿದೆ. ನಾನು ಉಸಿರು ತೆಗೆದುಕೊಳ್ಳುವವರೆಗೂ ಅವರು ಕಾದರು.

‘ಇಷ್ಟು ವರ್ಷ ಇನ್ನೂರು ಹುಡುಗರಿಗೆ, ಇನ್ನೊಂದು ಮುದ್ದೆ ಹಾಕಿಸ್ಕೊಳ್ರೋ, ನಾಚ್ಕೋಬೇಡಿ ಅಂತ ಹೇಳಿದೋನು ನಾನು’ ಎಂದರು. ‘ನಂಗೆ ಹಾಕ್ರಿ ಅನ್ನೋಕೆ ಬಾಯಿ ಬರಲ್ಲ ಕಣವ್ವ. ಕಲೀಲಿಲ್ಲ ಅದನ್ನ.’

ಆಮೇಲೆ ನಾನೊಂದು ಕಟ್ಟು ಮಾಡಿದೆ. ನಾಳೆ ಯಾರ ಸರದಿಯೋ ಅವರು ಇವತ್ತು ರಾತ್ರಿಯೇ ಹಾಸ್ಟೆಲಣ್ಣನ ತಟ್ಟೆ ತಂದು ತಮ್ಮ ಒಲೆಯ ಪಕ್ಕ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಎದ್ದರೆ ಖಾಲಿ ತಟ್ಟೆ ಕಣ್ಣಿಗೆ ಬೀಳಲಿ. ಹಾಗೆ ಆ ತಟ್ಟೆ ಮನೆಯಿಂದ ಮನೆಗೆ ತಿರುಗಿತು. ಯಾರೂ ಮತ್ತೆ ಮರೆಯಲಿಲ್ಲ.

ಮಳೆಗಾಲ ಕಳೆದು ಚಳಿ ಶುರುವಾಗುವಾಗ ದಮ್ಮು ಜಾಸ್ತಿಯಾಯಿತು. ನಮ್ಮ ಯಜಮಾನರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಗಂಜಿ ತೆಗೆದುಕೊಂಡು ಹೋದರೆ, ಇಲ್ಲಿ ಅಡಿಗೆಮನೆ ಯಾವ ಕಡೆ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದರೆ ಯಾವ ಮಗ್ಗುಲಾದರೂ ಸರಿ ಎಂದರು. ಮಾರನೇ ದಿನ ಬೆಳಿಗ್ಗೆ ನಮ್ಮ ಸರದಿ ಇತ್ತು. ಆಸ್ಪತ್ರೆಗೆ ಕೊಂಡೊಯ್ಯಲು ಅನ್ನ ಬಸಿದು, ತಟ್ಟೆ ಒರೆಸಿ ಇಟ್ಟಿದ್ದೆ. ಸುದ್ದಿ ಬಂತು.

ದುಡಿದದ್ದು ಒಂದು ಆಯುಷ್ಯ, ಕೂತು ಉಂಡದ್ದು ಒಂದು ಮಳೆಗಾಲ. ಕುಣಿಗಲ್ಲಿನ ಅಕ್ಕನ ಮಗ ಬಂದು ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡಿದ, ಇಲ್ಲ ಎನ್ನುವುದಿಲ್ಲ. ಟ್ರಂಕು, ಮನೆಯ ಕಾಗದ ತೆಗೆದುಕೊಂಡು ಹೋದ. ಪ್ರತಿ ತಿಂಗಳು ಬಾಡಿಗೆಗೆ ಯಾರು ಓಡಾಡುತ್ತಾರೆ, ಎಲ್ಲವನ್ನೂ ಭೋಗ್ಯಕ್ಕೆ ಹಾಕುತ್ತೇನೆ, ಗಂಟು ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಬೇರೆ ಮನೆ ನೋಡಿಕೊಳ್ಳಿ ಎಂದು ಹೇಳಿ ಹೋದ. ತಟ್ಟೆಯ ವಿಷಯ ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಸುದ್ದಿ ಬಂದ ದಿನವೇ, ಕತ್ತಲಾಗುವ ಹೊತ್ತಿಗೆ ಗುಬ್ಬಿಯವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಮ್ಮ ಬಾಗಿಲಿಗೆ ಬಂದು ನಿಂತಳು.

‘ಅಕ್ಕ, ತಟ್ಟೆ ಕೊಡಿ. ನಾಳೆ ನಂದು’ ಎಂದಳು.

ಹೇಳಿದ ಮೇಲೆ ಅವಳಿಗೇ ಕೇಳಿಸಿತು. ಹೊಸಲಿನ ಮೇಲೆ ಕೂತುಬಿಟ್ಟಳು. ನಾನು ಒಳಗೆ ಹೋಗಿ, ಒಲೆಯ ಪಕ್ಕದಲ್ಲಿದ್ದ ತಟ್ಟೆ ತಂದು ಅವಳ ಕೈಗೆ ಕೊಟ್ಟೆ. ಅವಳು ತೆಗೆದುಕೊಂಡು ಹೋದಳು.